ನೆರಳಿನ ಬೆಲೆ: ಶಹಾಬಾದ ಸೀಮೆಯ ಬಿಸಿಲು-ಮಳೆಯಲ್ಲಿ ವಿದ್ಯುತ್ ದ್ವಿಚಕ್ರ ವಾಹನ

ಏಪ್ರಿಲ್ ಬಂತೆಂದರೆ ಕಲಬುರಗಿ ವಿಭಾಗದ ಸರಕಾರಿ ಕಚೇರಿಗಳ ವೇಳೆ ಬದಲಾಗುವುದು ಹಲವು ವರ್ಷಗಳಿಂದ ನಡೆದುಬಂದ ಪದ್ಧತಿ. ಬೆಳಿಗ್ಗೆ 8ಕ್ಕೆ ಆರಂಭ, ಮಧ್ಯಾಹ್ನ 1-30ಕ್ಕೆ ಮುಕ್ತಾಯ. ಈ ಭಾಗದ ಬಿಸಿಲು ಸಾಮಾನ್ಯ ಬಿಸಿಲಲ್ಲವೆಂದು ಸರಕಾರವೇ ಬರೆದುಕೊಟ್ಟ ಪ್ರಮಾಣಪತ್ರವಿದು. ಆದರೆ ಕಲ್ಲು ಪಾಲಿಶ್ ಘಟಕಕ್ಕೆ, ಲೇಥ್ ಶೆಡ್ಡಿಗೆ, ದಾಲ್ ಮಿಲ್ಲಿಗೆ, ಅಡತಿ ಅಂಗಡಿಗೆ ಇಂತಹ ಆದೇಶ ಬರುವುದಿಲ್ಲ. ಅಲ್ಲಿಗೆ ದುಡಿಯಲು ಬರುವವನು ಮೇ ತಿಂಗಳ ಮಧ್ಯಾಹ್ನದಲ್ಲಿಯೂ ಬರಬೇಕು, ಆಷಾಢದ ಗಾಳಿಯಲ್ಲಿಯೂ ಬರಬೇಕು, ಮಳೆ ಹಿಡಿದ ಸಂಜೆ ಕೆಸರು ತುಳಿದು ಮನೆಗೂ ಹೋಗಬೇಕು. ಹೀಗೆ ಬರುವವರ ಪೈಕಿ ವಿದ್ಯುತ್ ಸ್ಕೂಟರ್ ಏರಿದವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿರುವುದನ್ನು ಯಾವುದೇ ಘಟಕದ ಅಂಗಳದಲ್ಲಿ ಕಾಣಬಹುದು. ಈ ವಾಹನ ನಮ್ಮ ಸೀಮೆಯ ಹವೆಗೆ ಒಗ್ಗುವುದೇ, ಒಗ್ಗಿದರೆ ಯಾವ ಲೆಕ್ಕದಲ್ಲಿ, ಅದರಲ್ಲಿ ಮಾಲೀಕನ ಪಾಲೇನು ಎಂಬುದನ್ನು ವ್ಯಾಪಾರಸ್ಥರೂ ಸಣ್ಣ ಕೈಗಾರಿಕೋದ್ಯಮಿಗಳೂ ಅಂಕಿಗಳ ಸಮೇತ ನೋಡುವುದು ಅವಶ್ಯ.

ಶಹಾಬಾದದಲ್ಲಿ ಕೆಲಸಕ್ಕೆ ಹೋಗಿ ಬರುವ ರೀತಿ ಹಲವು ಬಾರಿ ಬದಲಾಗಿದೆ. ಮುಂಬಯಿ ಮತ್ತು ಮದ್ರಾಸ್ ಕಡೆಯ ರೈಲುಮಾರ್ಗಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡವು. ಆ ಮಾರ್ಗದ ಮೇಲಿರುವ ಈ ಊರಿನ ಫರಸಿ ಕಲ್ಲು ದೂರದ ಊರುಗಳ ಅಂಗಳ ಸೇರಿತು. 1936ರಲ್ಲಿ ಎ.ಸಿ.ಸಿ. ಸಂಸ್ಥೆ ರೂಪುಗೊಂಡಾಗ ಅದರಲ್ಲಿ ಕೂಡಿದ ಕಂಪನಿಗಳಲ್ಲಿ ಶಹಾಬಾದ ಸಿಮೆಂಟ್ ಕಂಪನಿಯೂ ಒಂದು. ಕಾರ್ಖಾನೆ ಊರೊಳಗೇ ಇದ್ದ ಕಾಲದಲ್ಲಿ ಭೋಂಗಾ ಕೂಗಿದ ಮೇಲೆ ಮನೆ ಬಿಟ್ಟರೂ ನಡೆಯುತ್ತಿತ್ತು. ಕಾಲು ಸಾಕು, ಹೆಚ್ಚೆಂದರೆ ಸೈಕಲ್ಲು. ಹಳೆಯ ಕಾರ್ಖಾನೆ ಮುಚ್ಚಿತು. 1968ರಿಂದ ವಾಡಿ, ಅನಂತರ ಮಳಖೇಡ, ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಗಳಲ್ಲಿ ದೊಡ್ಡ ಕಾರ್ಖಾನೆಗಳು ಎದ್ದವು; ಅವುಗಳ ಸುತ್ತ ಬಿಡಿಭಾಗ, ದುರಸ್ತಿ, ಸಾಗಾಟದ ಸಣ್ಣ ಉದ್ಯಮಗಳು ಹುಟ್ಟಿದವು. ಮನೆ ಒಂದು ಊರಲ್ಲಿ, ಕೆಲಸ ಮತ್ತೊಂದು ಊರಲ್ಲಿ ಎಂಬಂತಾಯಿತು. ರೈಲು ತನ್ನ ವೇಳೆಗೆ ಬರುತ್ತದೆ, ಪಾಳಿ ತನ್ನ ವೇಳೆಗೆ ಬಿಡುತ್ತದೆ. ಎರಡೂ ಕೂಡುವುದು ಅಪರೂಪ. ಆದಕಾರಣ ಮೋಟರ್‌ಸೈಕಲ್ಲು ಕೂಲಿಕಾರನ ಮನೆಯ ಅವಶ್ಯಕ ವಸ್ತುವಾಯಿತು ಮತ್ತು ಪೆಟ್ರೋಲ್ ಅವನ ಪಗಾರದ ಮೊದಲ ಕಡಿತವಾಯಿತು.

ವಿದ್ಯುತ್ ವಾಹನ ಈ ಜಾಗಕ್ಕೆ ಬಂದದ್ದು ಎರಡು ಹಂತದಲ್ಲಿ. ಮೊದಲನೆಯದು ಸೀಸ-ಆಮ್ಲದ ಬ್ಯಾಟರಿ ಹೊತ್ತ ಅಗ್ಗದ ಸ್ಕೂಟರುಗಳ ಕಾಲ. ಸೀಸದ ಬ್ಯಾಟರಿಗೆ 25 ಡಿಗ್ರಿಯ ಮೇಲೆ ಪ್ರತಿ ಎಂಟು-ಹತ್ತು ಡಿಗ್ರಿ ಏರಿದಂತೆ ಆಯುಷ್ಯ ಅರ್ಧಕ್ಕೆ ಇಳಿಯುವ ಸ್ವಭಾವವಿದೆ. ನಮ್ಮ ಬಿಸಿಲಿನಲ್ಲಿ ಅದಕ್ಕೆ ಎರಡು ಬೇಸಿಗೆ ದಾಟುವುದೇ ಕಷ್ಟ. ಆ ಕಾಲದಲ್ಲಿ ಕೊಂಡು ಕೈಸುಟ್ಟುಕೊಂಡವರ ಅವಿಶ್ವಾಸ ಇಂದಿಗೂ ಪೂರ್ತಿ ಹೋಗಿಲ್ಲ. ಅದು ಅಕಾರಣವೂ ಅಲ್ಲ. ಎರಡನೆಯದು ಲಿಥಿಯಂ ಬ್ಯಾಟರಿಯ ಕಾಲ. ಕರ್ನಾಟಕ ಸರಕಾರ 2017ರಲ್ಲಿ ವಿದ್ಯುತ್ ವಾಹನ ನೀತಿಯನ್ನು ದೇಶದಲ್ಲೇ ಮೊದಲಿಗೆ ಪ್ರಕಟಿಸಿತು. ಬೆಂಗಳೂರಿನ ಏಥರ್ ಸಂಸ್ಥೆಯ ಸ್ಕೂಟರ್ 2018ರಲ್ಲಿ ರಸ್ತೆಗಿಳಿಯಿತು. 2019ರ ಆಗಸ್ಟ್ 1ರಿಂದ ವಿದ್ಯುತ್ ವಾಹನದ ಮೇಲಿನ ಜಿ.ಎಸ್.ಟಿ. ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಕೇಂದ್ರದ ಪ್ರೋತ್ಸಾಹಧನವು 2021ರ ಜೂನ್‌ನಲ್ಲಿ ಪ್ರತಿ ಕಿಲೋವಾಟ್-ಅವರ್ ಬ್ಯಾಟರಿಗೆ 15,000 ರೂಪಾಯಿಗೆ ಏರಿ, 2023ರ ಜೂನ್‌ನಲ್ಲಿ 10,000ಕ್ಕೆ, 2024ರಲ್ಲಿ 5,000ಕ್ಕೆ, 2025ರ ಏಪ್ರಿಲ್‌ನಿಂದ 2,500ಕ್ಕೆ ಇಳಿಯಿತು. ಇತ್ತ 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ಪೆಟ್ರೋಲ್ ದ್ವಿಚಕ್ರ ವಾಹನಗಳ ಜಿ.ಎಸ್.ಟಿ. ಶೇ. 28ರಿಂದ ಶೇ. 18ಕ್ಕೆ ಬಂದಿತು. ಅರ್ಥಾತ್, ಸರಕಾರದ ಕೈಯಾಸರೆ ತಗ್ಗುತ್ತ ಬಂದಿದ್ದು, ವಿದ್ಯುತ್ ವಾಹನ ಇನ್ನು ತನ್ನ ಕಾಲ ಮೇಲೆ ತಾನು ನಿಲ್ಲಬೇಕಾಗಿದೆ.

ಉಳಿತಾಯ ಎಲ್ಲಿಗೆ ಹೋಗುತ್ತದೆ?

ಶಹಾಬಾದದಲ್ಲಿ ಮನೆ, ವಾಡಿಯ ಆಚೆ ಒಂದು ಘಟಕದಲ್ಲಿ ಕೆಲಸವಿರುವ ಒಬ್ಬ ಲೇಥ್ ಕೆಲಸಗಾರನನ್ನು ಊಹಿಸಿಕೊಳ್ಳಬಹುದು. ಹೋಗಿ ಬರಲು ದಿನಕ್ಕೆ 30 ಕಿ.ಮೀ., ವರ್ಷಕ್ಕೆ 300 ದಿನ, ಒಟ್ಟು 9,000 ಕಿ.ಮೀ. ಮೋಟರ್‌ಸೈಕಲ್ಲು ಲೀಟರಿಗೆ 50 ಕಿ.ಮೀ. ಓಡುತ್ತದೆ, ಪೆಟ್ರೋಲ್ ಲೀಟರಿಗೆ 100 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದರೆ 180 ಲೀಟರಿಗೆ 18,000 ರೂಪಾಯಿ. ವಿದ್ಯುತ್ ಸ್ಕೂಟರ್ 100 ಕಿ.ಮೀ.ಗೆ ಚಾರ್ಜರಿನ ನಷ್ಟವೂ ಸೇರಿ ಮೂರೂವರೆ ಯೂನಿಟ್ ತೆಗೆದುಕೊಳ್ಳುತ್ತದೆ ಎಂದಿಟ್ಟುಕೊಂಡರೆ ವರ್ಷಕ್ಕೆ 315 ಯೂನಿಟ್; ಯೂನಿಟ್‌ಗೆ 7 ರೂಪಾಯಿಯಂತೆ 2,205 ರೂಪಾಯಿ. ವ್ಯತ್ಯಾಸ 15,795 ರೂಪಾಯಿ. ಆಯಿಲ್ ಬದಲಾವಣೆ, ಪ್ಲಗ್, ಚೈನ್ ಇತ್ಯಾದಿಗಳ ಉಳಿತಾಯವನ್ನು ಸ್ಕೂಟರಿನ ಸಣ್ಣ ಟೈರುಗಳ ಬೇಗನೆಯ ಸವೆತಕ್ಕೆ ಸರಿದೂಗಿಸಿ ಬಿಡೋಣ.

ಮಾರಾಟಗಾರರ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ. ಲೆಕ್ಕಪತ್ರದ ಅಭ್ಯಾಸವಿದ್ದವರು ಇಲ್ಲಿ ನಿಲ್ಲಲಾಗದು. ಪೆಟ್ರೋಲ್ ಗಾಡಿಗೆ ಇಂಧನ ದಿನದಿನದ ಖರ್ಚು. ವಿದ್ಯುತ್ ಗಾಡಿಯಲ್ಲಿ ಇಂಧನದ ದೊಡ್ಡ ಪಾಲನ್ನು ಬ್ಯಾಟರಿಯ ರೂಪದಲ್ಲಿ ಮುಂಗಡವಾಗಿಯೇ ತೆತ್ತಿರುತ್ತೇವೆ. ಆ ಬ್ಯಾಟರಿ ಸವೆಯುತ್ತದೆ. ಸವೆತವನ್ನು ವರ್ಷವರ್ಷಕ್ಕೆ ಹಂಚಬೇಕು. 3 ಕಿಲೋವಾಟ್-ಅವರ್ ಬ್ಯಾಟರಿ ಹೊಸದಾಗಿ ಹಾಕಿಸಲು 55,000 ರೂಪಾಯಿ ಎಂದು ಹಿಡಿಯೋಣ. ಅದು 7 ವರ್ಷ ಬಾಳಿದರೆ ವರ್ಷದ ಸವೆತ 7,857 ರೂಪಾಯಿ, ಕೈಗುಳಿಯುವುದು 7,938 ರೂಪಾಯಿ. ಅದೇ ಬ್ಯಾಟರಿ 4 ವರ್ಷಕ್ಕೇ ಕೂತರೆ ವರ್ಷದ ಸವೆತ 13,750 ರೂಪಾಯಿ, ಕೈಗುಳಿಯುವುದು ಬರೀ 2,045 ರೂಪಾಯಿ. ತಿಂಗಳಿಗೆ 170 ರೂಪಾಯಿ. ಸಾಲದ ಬಡ್ಡಿಯ ಒಂದು ಕಂತಿನಲ್ಲಿ ಅದೂ ಕರಗಿ ಹೋದೀತು. ಬ್ಯಾಟರಿಯನ್ನು ಬೇರ್ಪಡಿಸಿದರೆ ಉಳಿದ ಸ್ಕೂಟರ್ ಪೆಟ್ರೋಲ್ ಗಾಡಿಗಿಂತ ದುಬಾರಿಯಲ್ಲವಾದುದರಿಂದ ಈ ಲೆಕ್ಕ ವಿದ್ಯುತ್ ಗಾಡಿಯ ವಿಷಯದಲ್ಲಿ ತುಸು ಕಟ್ಟುನಿಟ್ಟಾಗಿಯೇ ಇದೆ ಎಂಬುದನ್ನು ಒಪ್ಪಬೇಕು. ಆದರೂ ಗಮನಿಸತಕ್ಕ ಅಂಶ ಬೇರೆಯೇ ಇದೆ. ಏಳು ವರ್ಷಕ್ಕೂ ನಾಲ್ಕು ವರ್ಷಕ್ಕೂ ನಡುವಿನ ಅಂತರ ವರ್ಷಕ್ಕೆ 5,893 ರೂಪಾಯಿ. ಪೆಟ್ರೋಲ್ ದರ ಏರಲಿ ಇಳಿಯಲಿ, ವಿದ್ಯುತ್ ದರ ಎಷ್ಟೇ ಆಗಲಿ, ನಮ್ಮ ಸೀಮೆಯಲ್ಲಿ ಈ ವಾಹನದ ಲಾಭ-ನಷ್ಟವನ್ನು ನಿರ್ಧರಿಸುವುದು ಈ ಒಂದು ಅಂಕಿ. ಇದನ್ನು ನಿರ್ಧರಿಸುವುದು ಬಹುಮಟ್ಟಿಗೆ ಬಿಸಿಲು.

ಬೆಂಗಳೂರಿನ ಮಾತು ಬೆಂಗಳೂರಿಗೆ

ವಿದ್ಯುತ್ ಸ್ಕೂಟರಿನ ಕೀರ್ತಿ ಬಂದದ್ದು ಬೆಂಗಳೂರಿನಿಂದ. ಆ ನಗರದಲ್ಲಿ 2016ರ ಏಪ್ರಿಲ್‌ನಲ್ಲಿ ಉಷ್ಣಾಂಶ 39.2 ಡಿಗ್ರಿ ಮುಟ್ಟಿದಾಗ ದಾಖಲೆಯೆಂದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಕಲಬುರಗಿ ಜಿಲ್ಲೆಗೆ ಅದು ಮಾರ್ಚ್ ಕೊನೆಯ ಬಿಸಿಲು. ಇಲ್ಲಿ ಮೇ ತಿಂಗಳಲ್ಲಿ 42-43 ಡಿಗ್ರಿ ವಿಶೇಷವಲ್ಲ. ಅದೂ ಹವಾಮಾನ ಇಲಾಖೆ ನೆರಳಿನ ಪೆಟ್ಟಿಗೆಯೊಳಗೆ ಅಳೆದ ಅಂಕಿ. ಬಯಲಲ್ಲಿ ನಿಂತ ಗಾಡಿಯ ಅಂಕಿಯಲ್ಲ. ಶಹಾಬಾದದಲ್ಲಿ ಇನ್ನೊಂದು ವಿಶೇಷವಿದೆ. ಘಟಕದ ಅಂಗಳಕ್ಕೆ ಹಾಸಿರುವುದು ಇಲ್ಲಿಯದೇ ಫರಸಿ. ಮಧ್ಯಾಹ್ನ ಎರಡರ ಹೊತ್ತಿಗೆ ಆ ಹಾಸಿನ ಮೇಲೆ ಬರಿಗಾಲಿಡಲಾಗದು. ಹೆಚ್ಚಿನ ಸ್ಕೂಟರುಗಳಲ್ಲಿ ಬ್ಯಾಟರಿ ಇರುವುದು ಕಾಲಿಡುವ ಹಲಗೆಯ ಕೆಳಗೆ, ನೆಲದಿಂದ ಒಂದು ಗೇಣು ಎತ್ತರದಲ್ಲಿ. ಮೇಲಿನಿಂದ ಸೂರ್ಯ, ಕೆಳಗಿನಿಂದ ಕಾದ ಕಲ್ಲು. ನಡುವೆ ಐವತ್ತೈದು ಸಾವಿರ ರೂಪಾಯಿಯ ವಸ್ತು.

ಲಿಥಿಯಂ ಬ್ಯಾಟರಿಯ ಒಳಗೆ ನಡೆಯುವುದು ರಾಸಾಯನಿಕ ಕ್ರಿಯೆ. ಬೇಕಾದ ಕ್ರಿಯೆಯ ಜೊತೆಗೆ ಬೇಡದ ಕ್ರಿಯೆಗಳೂ ನಡೆಯುತ್ತಿರುತ್ತವೆ. ಒಳಗಿನ ದ್ರಾವಣ ನಿಧಾನಕ್ಕೆ ಕೆಡುತ್ತದೆ, ವಿದ್ಯುತ್ ಹಿಡಿದಿಡುವ ಶಕ್ತಿ ಕುಂದುತ್ತದೆ. ಉಷ್ಣಾಂಶ ಹತ್ತು ಡಿಗ್ರಿ ಏರಿದರೆ ಇಂತಹ ಕ್ರಿಯೆಯ ವೇಗ ಸ್ಥೂಲವಾಗಿ ಇಮ್ಮಡಿಯಾಗುತ್ತದೆಂಬುದು ರಸಾಯನಶಾಸ್ತ್ರದ ಹಳೆಯ ಅಂದಾಜು. ಬ್ಯಾಟರಿ ಪೂರ್ತಿ ತುಂಬಿದ್ದಾಗ ಈ ಕೆಡುವಿಕೆ ಇನ್ನೂ ಜೋರು. ಗಾಡಿ ಓಡದೆ ಸುಮ್ಮನೆ ನಿಂತಿದ್ದರೂ ಇದು ನಿಲ್ಲುವುದಿಲ್ಲ. ಓಟದಲ್ಲಿ ಕಳೆಯುವುದು ದಿನಕ್ಕೆ ಒಂದು ತಾಸು; ಅಂಗಳದಲ್ಲಿ ನಿಲ್ಲುವುದು ಎಂಟು-ಒಂಬತ್ತು ತಾಸು. ಆದ್ದರಿಂದ ಗಾಡಿ ಹೇಗೆ ಓಡಿಸುತ್ತಾರೆ ಎಂಬುದಕ್ಕಿಂತ ಎಲ್ಲಿ ನಿಲ್ಲಿಸುತ್ತಾರೆ ಎಂಬುದೇ ಬ್ಯಾಟರಿಯ ಆಯುಷ್ಯಕ್ಕೆ ಮುಖ್ಯ. ಕೊಳ್ಳುವಾಗ ಎರಡು ಬಗೆಯ ಲಿಥಿಯಂ ಬ್ಯಾಟರಿಗಳಿರುವುದನ್ನೂ ಕೇಳಿ ತಿಳಿದುಕೊಳ್ಳಬೇಕು. ನಿಕಲ್-ಮ್ಯಾಂಗನೀಸ್-ಕೋಬಾಲ್ಟ್ ಬಗೆಯದು ಹಗುರ. ಕಬ್ಬಿಣದ ಫಾಸ್ಫೇಟ್ ಬಗೆಯದು ಅಷ್ಟೇ ಶಕ್ತಿಗೆ ಹೆಚ್ಚು ಭಾರ, ಆದರೆ ಉಷ್ಣ ತಾಳುವುದರಲ್ಲಿ ಮೇಲು. ನಮ್ಮ ಭಾಗಕ್ಕೆ ಎರಡನೆಯದು ಹೊಂದುತ್ತದೆ. ಒಂದೆರಡು ಕಿಲೋ ಭಾರ ಹೆಚ್ಚಾದರೆ ಹೊರುವುದು ಗಾಡಿಯೇ.

ಚಾರ್ಜಿಂಗ್ ವೇಳೆಗೂ ಇದೇ ನಿಯಮ. ಹೆಚ್ಚಿನ ಲಿಥಿಯಂ ಬ್ಯಾಟರಿಗಳಿಗೆ ಚಾರ್ಜ್ ಮಾಡಲು 45 ಡಿಗ್ರಿ ಮೇಲ್ಮಿತಿ. ಮೇ ತಿಂಗಳ ಸಂಜೆ ಐದಕ್ಕೆ ಮನೆ ತಲುಪಿದ ಕೂಡಲೇ ವೈರು ಚುಚ್ಚಿದರೆ ಬ್ಯಾಟರಿ ಆ ಮಿತಿಯ ಆಚೀಚೆ ಇರುತ್ತದೆ. ಒಳಗಿನ ನಿಯಂತ್ರಕ ಸರಬರಾಜು ತಡೆಯುತ್ತದೆ, ಸವಾರ ಚಾರ್ಜರು ಕೆಟ್ಟಿತೆಂದು ಅಂಗಡಿಗೆ ಓಡುತ್ತಾನೆ. ರಾತ್ರಿ ಊಟವಾದ ಮೇಲೆ, ಅಥವಾ ಬೆಳಗಿನ ಜಾವ ಎದ್ದು ಚಾರ್ಜ್ ಮಾಡುವುದು ಲೇಸು. ಮೂವತ್ತು ಕಿ.ಮೀ. ಓಟಕ್ಕೆ ದಿನವೂ ನೂರಕ್ಕೆ ನೂರು ತುಂಬಿಸುವ ಅಗತ್ಯವೂ ಇಲ್ಲ. ಬೇಸಿಗೆಯ ಎರಡು-ಮೂರು ತಿಂಗಳು ನೂರಕ್ಕೆ ಎಂಬತ್ತು ಸಾಕು.

ಇಲ್ಲಿ ಒಂದು ಸಾಮಾನ್ಯ ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. “ಸಾವಕಾರ್ರೇ, ನಮಗೊಂದು ಪ್ಲಗ್ ಹಾಕಿಸಿಕೊಡ್ರಿ” ಎಂಬುದು ಕೆಲಸಗಾರರ ಮೊದಲ ಬೇಡಿಕೆ. ಚಾರ್ಜಿಂಗ್ ಕೇಂದ್ರ ಎಂಬುದು ಸರಕಾರಿ ನೀತಿಗಳಲ್ಲಿಯೂ ಮೊದಲ ಪದ. ಮೂವತ್ತು ಕಿ.ಮೀ. ಓಡುವವನಿಗೆ ನಿಜವಾಗಿ ಪ್ಲಗ್ಗಿಗಿಂತ ಮೊದಲು ಬೇಕಾದದ್ದು ನೆರಳು. ಮಧ್ಯಾಹ್ನದ ಹೊತ್ತು ಕಾದ ಶೆಡ್ಡಿನಲ್ಲಿ ಗಾಡಿ ನಿಲ್ಲಿಸಿ ಚಾರ್ಜಿಗೆ ಹಾಕುವುದು ಉಪಕಾರವಲ್ಲ, ಅಪಕಾರ.

ನೆರಳೆಂದರೆ ಎಲ್ಲ ನೆರಳೂ ಒಂದೇ ಅಲ್ಲ. ಎಂಟಡಿ ಎತ್ತರದ, ಮೂರು ಬದಿ ಮುಚ್ಚಿದ ಪತ್ರಾ ಶೆಡ್ಡಿನ ಒಳಗೆ ಮಧ್ಯಾಹ್ನ ಹೊರಗಿಗಿಂತ ಹೆಚ್ಚು ಸೆಕೆ. ಪತ್ರಾ ಹಾಕುವುದಾದರೆ ಹನ್ನೆರಡಡಿ ಎತ್ತರಕ್ಕೆ ಹಾಕಿ ಬದಿಗಳನ್ನು ತೆರೆದಿಡಬೇಕು. ಮೇಲೆ ಸುಣ್ಣ ಅಥವಾ ಬಿಳಿ ಬಣ್ಣ ಬಳಿದರೆ ಬಿಸಿಲು ಹಿಂದಿರುಗುತ್ತದೆ. ಸುಣ್ಣದ ಕಲ್ಲಿನ ಸೀಮೆಯಲ್ಲಿ ಸುಣ್ಣಕ್ಕೇನು ಬರ? ಪತ್ರಾದ ಮೇಲೆ ತೊಗರಿ ಕಟ್ಟಿಗೆ ಹೊದಿಸುವ ರೂಢಿಯೂ ಇದೆ. ತಂಪೇನೋ ಹೌದು, ಆದರೆ ಒಣ ಕಟ್ಟಿಗೆಯ ಕೆಳಗೆ ಗಾಡಿ ಚಾರ್ಜಿಗೆ ಹಾಕುವುದು ಮದ್ದಿನ ಮನೆಯಲ್ಲಿ ದೀಪ ಹಚ್ಚಿದಂತೆ. ಎಲ್ಲಕ್ಕಿಂತ ಅಗ್ಗದ ಮತ್ತು ಉತ್ತಮ ನೆರಳು ಬೇವಿನ ಮರದ್ದು. ಹೊಸ ಘಟಕದ ನಕ್ಷೆ ಹಾಕುವವರು ಅಂಗಳದ ಮರವನ್ನು ಉಳಿಸಿಕೊಂಡರೆ ಸಾವಿರಾರು ರೂಪಾಯಿ ಉಳಿಸಿದಂತೆ. ನೆಲಕ್ಕೆ ಫರಸಿಯ ಬದಲು ಮುರುಮು ಹಾಕಿ ದಿನಕ್ಕೊಮ್ಮೆ ನೀರು ಚಿಮುಕಿಸಿದರೆ ಕೆಳಗಿನ ಕಾವೂ ಇಳಿಯುತ್ತದೆ.

ಹತ್ತು ಗಾಡಿಗಳ ಇಂತಹ ನೆರಳಿಗೆ 60,000 ರೂಪಾಯಿ ತಗುಲಿತೆಂದು ಭಾವಿಸೋಣ. ಮೇಲೆ ಕಂಡ ಲೆಕ್ಕದಂತೆ ಹತ್ತು ಜನರಿಗೆ ವರ್ಷಕ್ಕೆ ಉಳಿಯಬಹುದಾದದ್ದು 58,930 ರೂಪಾಯಿ. ಒಂದೇ ವರ್ಷದಲ್ಲಿ ಹೆಚ್ಚುಕಡಿಮೆ ಸರಿಸಮ. ಆದರೆ ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಖರ್ಚು ಮಾಲೀಕನದು, ಉಳಿತಾಯ ಕೆಲಸಗಾರನದು. ನೆರಳು ಹಾಕಿದ ಮಾತ್ರಕ್ಕೆ ಏಳು ವರ್ಷ ಬಾಳಿಯೇ ತೀರುವುದೆಂಬ ಖಾತರಿಯೂ ಇಲ್ಲ. ಮಾಲೀಕನಿಗೆ ಬರುವ ಫಲ ಲೆಕ್ಕದ ಪುಸ್ತಕದಲ್ಲಿ ನೇರವಾಗಿ ಕಾಣದು. ಕುಶಲ ಕೆಲಸಗಾರನೊಬ್ಬ ಬಿಟ್ಟುಹೋದರೆ ಹೊಸಬನಿಗೆ ಕೈ ಕೂಡುವವರೆಗೆ ಹಾಳಾಗುವ ಮಾಲು, ತಪ್ಪುವ ಗಡುವು ಇವುಗಳ ನಷ್ಟ ಎಷ್ಟೆಂಬುದನ್ನು ಅನುಭವಿಸಿದವರೇ ಬಲ್ಲರು. ಆರು ಸಾವಿರ ರೂಪಾಯಿ ಪಗಾರ ಏರಿಸಿದರೆ ಅದಕ್ಕೆ ಭವಿಷ್ಯನಿಧಿ, ಬೋನಸ್ಸು ಎಲ್ಲವೂ ಏರಬಹುದು. ನೆರಳಿಗೆ ಅಂತಹ ಬಾಲ ಇಲ್ಲ.

ಮಳೆಗಾಲ

ನೀರು ಬಿದ್ದರೆ ವಿದ್ಯುತ್ ಗಾಡಿ ಶಾಕ್ ಹೊಡೆಯುತ್ತದೆಂಬ ಭಯ ಹಳ್ಳಿಗಳಲ್ಲಿ ಇನ್ನೂ ಇದೆ. ಒಳ್ಳೆಯ ಗಾಡಿಯ ಬ್ಯಾಟರಿಗೆ ಐ.ಪಿ. 67 ಎಂಬ ಗುರುತಿರುತ್ತದೆ. ಮೊದಲ ಅಂಕಿ ಧೂಳಿನದು: 6 ಎಂದರೆ ಧೂಳು ಒಳಹೋಗದು. ಎರಡನೆಯದು ನೀರಿನದು: 7 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ತಾಸು ಮುಳುಗಿದರೂ ತಡೆಯುವಂತಹುದು. ಫರಸಿ ಕೊಯ್ಯುವ ಊರಿಗೆ ಮೊದಲ ಅಂಕಿಯೂ ಎರಡನೆಯದರಷ್ಟೇ ಮುಖ್ಯ. ಆದರೆ ಈ ಗುರುತು ಬ್ಯಾಟರಿಗೆ ಇದ್ದ ಮಾತ್ರಕ್ಕೆ ಚಾರ್ಜಿಂಗ್ ತೂತು, ವೈರಿನ ಕೂಡುಭಾಗ, ನಿಯಂತ್ರಕ ಎಲ್ಲಕ್ಕೂ ಇದೆಯೆಂದು ತಿಳಿಯಬಾರದು, ಬಿಡಿಬಿಡಿಯಾಗಿ ಕೇಳಬೇಕು. ಸರ್ವಿಸಿಂಗ್ ಅಂಗಡಿಯ ಪಂಪಿನ ನೀರಿನ ರಭಸಕ್ಕೆ ಈ ಅಂಕಿ ಅನ್ವಯಿಸುವುದೇ ಇಲ್ಲ. ಎಷ್ಟೋ ಗಾಡಿಗಳು ಮಳೆಯಲ್ಲಿ ಕೆಡುವುದಿಲ್ಲ, ಮಳೆಯ ಕೆಸರು ತೊಳೆಸುವಾಗ ಕೆಡುತ್ತವೆ.

ನಿಜವಾದ ಅಪಾಯ ನೆಲದ ಮೇಲಿದೆ. ಪಾಲಿಶ್ ಘಟಕಗಳಿಂದ ಹೊರಬರುವ ಕಲ್ಲಿನ ಬಿಳಿ ಹೂಳು ಟ್ರ್ಯಾಕ್ಟರಿನಿಂದ ಸೋರಿ ರಸ್ತೆಗೆ ಬಿದ್ದು ಒಣಗಿ ಧೂಳಾಗುತ್ತದೆ. ಮೊದಲ ಮಳೆಗೆ ಅದೇ ಬೆಣ್ಣೆಯಂತಾಗುತ್ತದೆ. ವಿದ್ಯುತ್ ಸ್ಕೂಟರಿನ ಚಕ್ರ ಸಣ್ಣದು, ಭಾರ ಹೆಚ್ಚು, ಹಿಡಿಕೆ ತಿರುವಿದ ಕೂಡಲೇ ಚಕ್ರಕ್ಕೆ ಬಲ ಬರುತ್ತದೆ. ಜಾರುವ ನೆಲದಲ್ಲಿ ಈ ಮೂರೂ ಸೇರಿದರೆ ಸವಾರ ನೆಲಕ್ಕೆ. ಮಳೆಯ ದಿನ ಬಲ ಕಡಿಮೆಯಾಗಿ ಬರುವ ಎಕಾನಮಿ ವಿಧಾನದಲ್ಲಿ ಓಡಿಸುವುದು ಒಳಿತು. ಹೂಳು ರಸ್ತೆಗೆ ಚೆಲ್ಲದಂತೆ ನೋಡಿಕೊಳ್ಳುವ ಹೊಣೆ ಮಾತ್ರ ಸವಾರನದಲ್ಲ, ಘಟಕದ ಮಾಲೀಕರದು. ಹಳ್ಳಿಯ ಎರೆ ಮಣ್ಣಿನ ದಾರಿಯದು ಇನ್ನೊಂದು ಕಥೆ. ಮಡ್‌ಗಾರ್ಡಿಗೂ ಚಕ್ರಕ್ಕೂ ನಡುವೆ ಎರೆ ಹಿಡಿದುಕೊಂಡರೆ ಮೋಟರ್ ತಿರುಗಲಾರದೆ ಕಾಯುತ್ತದೆ. ಕಡ್ಡಿ ಹಿಡಿದು ಮಣ್ಣು ಕೆರೆಯುವುದನ್ನು ಬಿಟ್ಟರೆ ಅದಕ್ಕೆ ಉಪಾಯವಿಲ್ಲ.

2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿದಾಗ ಜಿಲ್ಲೆಯ ಎಷ್ಟೋ ದಾರಿಗಳು ದಿನಗಟ್ಟಲೆ ಬಂದಾದವು. ಕಾಗಿಣಾ ಸೀಮೆಯ ಹಳ್ಳಗಳ ಕೆಳಸೇತುವೆಗಳ ಮೇಲೆ ನೀರು ಹರಿಯುವಾಗ ಐ.ಪಿ. 67 ನಂಬಿ ಗಾಡಿ ಇಳಿಸುವುದು ಹುಚ್ಚುತನ. ಬ್ಯಾಟರಿ ಉಳಿದೀತು, ಮನುಷ್ಯ ಉಳಿಯಲಾರ. ಅಂತಹ ದಿನ ತಡವಾಗಿ ಬಂದವನ ಅರ್ಧ ದಿನದ ಪಗಾರ ಹಿಡಿಯುವುದಿಲ್ಲವೆಂದು ಮಾಲೀಕ ಮೊದಲೇ ಹೇಳಿಟ್ಟರೆ ಯಾರೂ ನೀರಿಗಿಳಿಯುವ ಸಾಹಸ ಮಾಡುವುದಿಲ್ಲ.

ಆಷಾಢದ ಗಾಳಿಯ ವಿಷಯ ಶಹಾಬಾದದಿಂದ ಕಲಬುರಗಿಗೆ ಹೋಗಿ ಬರುವವರಿಗೆ ಸಂಬಂಧಿಸಿದ್ದು. ಅದು ದಿನಕ್ಕೆ ಸುಮಾರು 60 ಕಿ.ಮೀ. ಕಂಪನಿ ಹೇಳುವ 120 ಕಿ.ಮೀ. ಎಂಬುದು ಪರೀಕ್ಷಾಗಾರದ ಓಟ. ರಸ್ತೆಯಲ್ಲಿ ಎಂಬತ್ತರ ಆಸುಪಾಸು. ನಾಲ್ಕು ಬೇಸಿಗೆ ಕಂಡ ಬ್ಯಾಟರಿಯಾದರೆ ಇನ್ನೂ ಕಡಿಮೆ. ಎದುರುಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ವೇಗ ಏರಿದಂತೆ ಅದರ ಅನೇಕ ಪಟ್ಟು ಏರುತ್ತದೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಅರವತ್ತರ ವೇಗದಲ್ಲಿ ಹೊರಟವನು ಮರಳುವಾಗ ದಾರಿಯಲ್ಲಿ ನಿಂತಾನು. ನಲವತ್ತೈದಕ್ಕೆ ಇಳಿಸಿದರೆ ಮನೆ ಮುಟ್ಟುತ್ತಾನೆ. ಇಂತಹ ದೂರದವರಿಗೆ ಮಾತ್ರ ಕೆಲಸದ ಸ್ಥಳದಲ್ಲಿ ಪ್ಲಗ್ ನಿಜಕ್ಕೂ ಅವಶ್ಯ.

ಚಳಿಗಾಲದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಹಿಮ ಬೀಳುವ ದೇಶಗಳಲ್ಲಿ ಚಳಿಯೇ ಬ್ಯಾಟರಿಯ ಶತ್ರು. ನಮ್ಮ ಡಿಸೆಂಬರ್ ಅದಕ್ಕೆ ಹಬ್ಬ.

ಪ್ಲಗ್, ಬೆಂಕಿ ಮತ್ತು ಕಾನೂನು

ಪ್ಲಗ್ ಕೊಡುವುದೆಂದು ನಿಶ್ಚಯಿಸಿದರೆ ಸರಿಯಾಗಿ ಕೊಡಬೇಕು. ಸ್ಕೂಟರಿನ ಚಾರ್ಜರು ಅರ್ಧದಿಂದ ಒಂದು ಕಿಲೋವಾಟ್ ಎಳೆಯುತ್ತದೆ, ಅದೂ ತಾಸುಗಟ್ಟಲೆ. ಐದು ಗಾಡಿಗಳನ್ನು ಒಂದು ಎಕ್ಸ್‌ಟೆನ್ಶನ್ ಡಬ್ಬಿಗೆ ಸಿಕ್ಕಿಸಿದರೆ ಮೊದಲು ಕರಗುವುದು ಡಬ್ಬಿ. ಗಾಡಿಗೊಂದು 15 ಆಂಪಿಯರ್ ಸಾಕೆಟ್, ಪ್ರತ್ಯೇಕ ಎಂ.ಸಿ.ಬಿ., ಸೋರಿಕೆ ಕಂಡಕೂಡಲೇ ಸರಬರಾಜು ಕಡಿಯುವ ಇ.ಎಲ್.ಸಿ.ಬಿ., ಸರಿಯಾದ ಅರ್ಥಿಂಗ್ ಇಷ್ಟು ಇರಲೇಬೇಕು. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿ ನಿಷ್ಪ್ರಯೋಜಕವಾಗುವುದನ್ನು ಬಹಳ ಜನ ಗಮನಿಸುವುದಿಲ್ಲ. ವಾರಕ್ಕೊಮ್ಮೆ ನೀರು ಹಾಕಿಸಬೇಕು. ಏಪ್ರಿಲ್-ಮೇ ತಿಂಗಳ ಗುಡುಗು-ಗಾಳಿಯ ಸಂಜೆಗಳಲ್ಲಿ ಚಾರ್ಜರು ಕಿತ್ತಿಡುವುದು ಕ್ಷೇಮ. ಹತ್ತು ಗಾಡಿಗಳು ದಿನಕ್ಕೆ ಮೂವತ್ತು ಕಿ.ಮೀ.ಗೆ ಬೇಕಾದಷ್ಟು ತುಂಬಿಸಿಕೊಂಡರೆ ವರ್ಷಕ್ಕೆ 3,150 ಯೂನಿಟ್. ಯೂನಿಟ್‌ಗೆ 8 ರೂಪಾಯಿಯಂತೆ 25,200 ರೂಪಾಯಿ. ತಲೆಗೆ ತಿಂಗಳಿಗೆ 200 ರೂಪಾಯಿ ಪಡೆದರೆ ಬಹುತೇಕ ಮರಳುತ್ತದೆ. ಮನೆ ಅಥವಾ ಕಚೇರಿಯ ಇರುವ ಸಂಪರ್ಕದಿಂದಲೇ ವಾಹನ ಚಾರ್ಜ್ ಮಾಡಿಕೊಳ್ಳಬಹುದೆಂದು ಕೇಂದ್ರ ಇಂಧನ ಸಚಿವಾಲಯ 2022ರ ಜನವರಿಯ ಮಾರ್ಗಸೂಚಿಯಲ್ಲಿ ಹೇಳಿದೆ. ಆದರೂ ಮಂಜೂರಾದ ಲೋಡ್ ಮೀರುವಂತಿದ್ದರೆ ಜೆಸ್ಕಾಂ ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯತಕ್ಕದ್ದು.

ಮನೆಯಲ್ಲಿ ಚಾರ್ಜ್ ಮಾಡುವವರು ಗೃಹಜ್ಯೋತಿಯ ಲೆಕ್ಕವನ್ನು ತಿಳಿದಿರಬೇಕು. 2023ರಲ್ಲಿ ಆರಂಭವಾದ ಆ ಯೋಜನೆಯಲ್ಲಿ ಉಚಿತವೆಂದರೆ ಎಲ್ಲರಿಗೂ 200 ಯೂನಿಟ್ ಅಲ್ಲ. 2022-23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿ ಪ್ರತಿ ಮನೆಗೂ ಮಿತಿ ನಿಗದಿಯಾಯಿತು. 60 ಯೂನಿಟ್ ಸರಾಸರಿಯ ಮನೆಗೆ ಮಿತಿ 66. ಸ್ಕೂಟರಿನ 26 ಯೂನಿಟ್ ಸೇರಿದರೆ 86. ಅದರಲ್ಲಿ 20 ಯೂನಿಟ್‌ಗೆ ಹಣ ಕಟ್ಟಬೇಕು. ದೊಡ್ಡ ಮೊತ್ತವಲ್ಲ; ಆದರೆ ಬಿಲ್ ಬಂದಾಗ ಮನೆಯಲ್ಲಿ ಆಶ್ಚರ್ಯವಾಗಬಾರದಷ್ಟೇ.

ಬೆಂಕಿಯ ಭಯವನ್ನು ಉತ್ಪ್ರೇಕ್ಷಿಸಲೂಬಾರದು, ಅಲ್ಲಗಳೆಯಲೂಬಾರದು. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ಸ್ಕೂಟರುಗಳಿಗೆ ಬೆಂಕಿ ಹತ್ತಿದ ಮೇಲೆ ಕೇಂದ್ರ ಸರಕಾರ ಬ್ಯಾಟರಿಯ ಪರೀಕ್ಷಾ ನಿಯಮವಾದ ಎ.ಐ.ಎಸ್. 156 ಅನ್ನು ಬಿಗಿಗೊಳಿಸಿತು. ಅದು 2022ರ ಡಿಸೆಂಬರ್ ಮತ್ತು 2023ರ ಮಾರ್ಚ್ ಕೊನೆಯಲ್ಲಿ ಎರಡು ಹಂತಗಳಲ್ಲಿ ಜಾರಿಗೆ ಬಂದಿತು. ಹಳೆಯ ಗಾಡಿ ಕೊಳ್ಳುವವರು ತಯಾರಿಯ ತಿಂಗಳನ್ನು ನೋಡುವುದು ಇದಕ್ಕಾಗಿ. 2022ರ ಸೆಪ್ಟೆಂಬರ್ 12ರ ರಾತ್ರಿ ಸಿಕಂದರಾಬಾದದಲ್ಲಿ, ಕೆಳಗೆ ವಿದ್ಯುತ್ ಸ್ಕೂಟರ್ ಮಳಿಗೆಯಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು, ಮೇಲಿನ ವಸತಿಗೃಹದಲ್ಲಿ ತಂಗಿದ್ದ 8 ಜನ ಪ್ರಾಣ ಕಳೆದುಕೊಂಡರು. 2024ರ ಫೆಬ್ರವರಿಯಲ್ಲಿ ಚೀನಾದ ನಾಂಜಿಂಗ್ ನಗರದಲ್ಲಿ ನೆಲಮಹಡಿಯಲ್ಲಿ ನಿಲ್ಲಿಸಿದ್ದ ವಿದ್ಯುತ್ ಬೈಕುಗಳಿಂದ ಹಬ್ಬಿದ ಬೆಂಕಿಗೆ 15 ಜನ ಬಲಿಯಾದರು. ಎರಡೂ ಕಡೆ ಗಾಡಿಗಳು ಕೆಳಗೆ, ಜನರು ಮೇಲೆ; ಹೊಗೆ ಏರಿದ್ದು ಜನರಿದ್ದ ಕಡೆಗೆ. ಆದ್ದರಿಂದ ಘಟಕದಲ್ಲಿ ಚಾರ್ಜಿಂಗ್ ಸ್ಥಳ ಹೊರಬಾಗಿಲಿಗೆ, ಮೆಟ್ಟಿಲಿಗೆ, ದಾಸ್ತಾನಿನ ಕೋಣೆಗೆ ಹೊಂದಿಕೊಂಡಿರಬಾರದು. ಗೋಣಿಚೀಲ ಒಟ್ಟಿದ ದಾಲ್ ಮಿಲ್ಲುಗಳಿಗೆ ಇದು ಇಮ್ಮಡಿ ಅನ್ವಯ. ಕಳಚಬಹುದಾದ ಬ್ಯಾಟರಿಯನ್ನು ಮನೆಯೊಳಗೆ ಒಯ್ಯುವವರು ಮಲಗುವ ಕೋಣೆಯ ಬಾಗಿಲಲ್ಲಿ ಅದನ್ನು ಚಾರ್ಜಿಗೆ ಇಡಬಾರದು.

ಕೆಲಸಕ್ಕೆ ಬರುವ ದಾರಿ ಮಾಲೀಕನದಲ್ಲ ಎಂಬ ಹಳೆಯ ಧೋರಣೆಗೆ ಕಾನೂನು ಈಗ ಅವಕಾಶ ಕೊಡುವುದಿಲ್ಲ. ಇ.ಎಸ್.ಐ. ಕಾಯ್ದೆಗೆ 2010ರಲ್ಲಿ ಸೇರಿಸಿದ 51-ಇ ಕಲಮಿನಂತೆ, ಮನೆಗೂ ಕೆಲಸದ ಸ್ಥಳಕ್ಕೂ ನಡುವಣ ದಾರಿಯಲ್ಲಾದ ಅಪಘಾತವೂ, ಅದರ ಸಂದರ್ಭ, ವೇಳೆ, ಸ್ಥಳಗಳಿಗೂ ಉದ್ಯೋಗಕ್ಕೂ ಸಂಬಂಧ ಸಿದ್ಧವಾದರೆ ಉದ್ಯೋಗದಲ್ಲಾದ ಗಾಯವೇ. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯೊಂದರ ಕಾವಲುಗಾರ 2003ರಲ್ಲಿ ಬೆಳಗಿನ ಜಾವದ ಪಾಳಿಗೆ ಮೋಟರ್‌ಸೈಕಲ್ಲಿನ ಮೇಲೆ ಹೋಗುವಾಗ ದಾರಿಯಲ್ಲೇ ಮೃತಪಟ್ಟ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2025ರ ಜುಲೈನಲ್ಲಿ ಇದೇ ತತ್ತ್ವವನ್ನು 1923ರ ನೌಕರರ ಪರಿಹಾರ ಕಾಯ್ದೆಗೂ ಅನ್ವಯಿಸಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ದಾರಿಯ ಅಪಘಾತಕ್ಕೆ ಸ್ಥಾನವಿದೆ. ಇ.ಎಸ್.ಐ. ವ್ಯಾಪ್ತಿಗೆ ಬಾರದ ಸಣ್ಣ ಘಟಕಗಳು ವಿಮಾ ಪಾಲಿಸಿಯ ಷರತ್ತುಗಳನ್ನು ಮತ್ತೊಮ್ಮೆ ಓದಬೇಕು.

ಇದೇ ಸಂದರ್ಭದಲ್ಲಿ ನೋಂದಣಿ ಬೇಡದ ಸಣ್ಣ ಗಾಡಿಗಳ ಬಗ್ಗೆ ಒಂದು ಎಚ್ಚರಿಕೆ. ಮೋಟರಿನ ಶಕ್ತಿ 250 ವಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇದ್ದು, ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರವಿರುವ ಬ್ಯಾಟರಿ ಗಾಡಿಗೆ ನೋಂದಣಿ, ಲೈಸೆನ್ಸು ಬೇಡ. ಬಜಾರಿನಲ್ಲಿ ಸಾಮಾನು ಮುಟ್ಟಿಸುವ ಹುಡುಗರಿಗೆ ಅನೇಕ ವ್ಯಾಪಾರಸ್ಥರು ಇಂತಹ ಗಾಡಿ ಕೊಡಿಸುತ್ತಾರೆ. ಬಳಿಕ ಯಾವನೋ ಮೆಕ್ಯಾನಿಕ್ ವೈರು ಬದಲಿಸಿ ವೇಗ ನಲವತ್ತೈದಕ್ಕೆ ಏರಿಸಿಕೊಡುತ್ತಾನೆ. ಆ ಕ್ಷಣದಿಂದ ಅದು ನೋಂದಣಿಯಿಲ್ಲದ, ವಿಮೆಯಿಲ್ಲದ ಮೋಟರು ವಾಹನ. ಅಪಘಾತವಾದರೆ ಪರಿಹಾರದ ಹೊರೆ ಅಂಗಡಿಯ ಮಾಲೀಕನ ತಲೆಯ ಮೇಲೆ ಬೀಳುತ್ತದೆ.

ಸಂಸ್ಥೆಯ ಹೆಸರಿನಲ್ಲಿಯೇ ಗಾಡಿ ಕೊಳ್ಳುವವರಿಗೆ ಸವಕಳಿಯ ಅನುಕೂಲವಿದೆ. 1961ರ ಆದಾಯ ತೆರಿಗೆ ಕಾಯ್ದೆಯ ಅಡಿಯ ನಿಯಮಗಳಲ್ಲಿ ಸಾಮಾನ್ಯ ಮೋಟರು ವಾಹನಕ್ಕೆ ಶೇ. 15 ಸವಕಳಿಯಾದರೆ ವಿದ್ಯುತ್ ವಾಹನಕ್ಕೆ ಶೇ. 40 ಇತ್ತು, 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಅನ್ವಯವಾಗುವುದರಿಂದ ಆ ದಿನಾಂಕದ ನಂತರದ ಖರೀದಿಗೆ ಹೊಸ ನಿಯಮಗಳ ಕೋಷ್ಟಕವನ್ನೇ ನೋಡತಕ್ಕದ್ದು. ಜನರನ್ನು ಒಯ್ಯುವ ಗಾಡಿಯ ಮೇಲೆ ಕಟ್ಟಿದ ಜಿ.ಎಸ್.ಟಿ.ಗೆ 17(5)ನೆಯ ಕಲಮಿನಂತೆ ಐ.ಟಿ.ಸಿ. ದೊರೆಯದು, ಸರಕು ಒಯ್ಯುವ ವಿದ್ಯುತ್ ತ್ರಿಚಕ್ರ ವಾಹನಕ್ಕೆ ದೊರೆಯುತ್ತದೆ. ನೆರಳಿನ ಶೆಡ್ಡನ್ನು ಸ್ಥಿರಾಸ್ತಿಯಾಗಿ ಲೆಕ್ಕಕ್ಕೆ ತೆಗೆದುಕೊಂಡರೆ ಅದರ ಮೇಲಿನ ಜಿ.ಎಸ್.ಟಿ.ಗೂ ಜಮೆ ಇಲ್ಲ. ಹೀಗಾಗಿ ಅಂದಾಜುಪಟ್ಟಿ ಕೇಳುವಾಗ ತೆರಿಗೆ ಸೇರಿದ ಮೊತ್ತವನ್ನೇ ಕೇಳಬೇಕು. ಕೇಳುವ ಕಾಲ ಜನವರಿ. ಮಾರ್ಚ್ ಹುಟ್ಟಿದ ಮೇಲೆ ಹಗಲಲ್ಲಿ ಪತ್ರಾ ಏರಿ ಬೋಲ್ಟು ಬಿಗಿಯುವ ಕೆಲಸಗಾರ ಶಹಾಬಾದದಲ್ಲಿ ಸಿಗುವುದು ಕಷ್ಟ.